1986ರ ತೂಕದ ಕಲ್ಲಿನಲ್ಲಿ 2026ರ ಹತ್ತಿ: ಜಿನೀವಾಕ್ಕೆ ಒಂದು ಬಹಿರಂಗ ಪತ್ರ

ಡಾ. ಎನ್‌ಗೋಜಿ ಒಕೊಂಜೊ-ಇವೇಲಾ ಅವರಿಗೆ,
ಮಹಾನಿರ್ದೇಶಕರು,
ವಿಶ್ವ ವ್ಯಾಪಾರ ಸಂಸ್ಥೆ, ಜಿನೀವಾ

ಜನವರಿ 2026

ಮಾನ್ಯರೇ,

ನಿಮ್ಮ ಸಂಸ್ಥೆಯ ಕಾಗದಪತ್ರಗಳೆಲ್ಲ ಮೂರು ಭಾಷೆಗಳಲ್ಲಿ ನಡೆಯುತ್ತವೆ: ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್. ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಇದಕ್ಕಾಗಿ ಕ್ಷಮೆ ಕೇಳುವುದಿಲ್ಲ. 1994ರಲ್ಲಿ ಮರಾಕೇಶ್‌ನಲ್ಲಿ ಸಹಿಯಾದ ಕೃಷಿ ಒಪ್ಪಂದ ನನ್ನ ಹೊಲದ ಬದುವಿನವರೆಗೂ ಬಂದಿದೆ, ಆದರೆ ಅದು ನನ್ನ ಭಾಷೆಯಲ್ಲಿ ಬರಲಿಲ್ಲ. ಈ ಪತ್ರ ಸರೋವರದ ದಂಡೆಯ ನಿಮ್ಮ ಕಚೇರಿಗೆ ತಲುಪದೇ ಹೋದರೂ ನಷ್ಟವಿಲ್ಲ. ಬಹಿರಂಗ ಪತ್ರವನ್ನು ವಿಳಾಸದಾರರಿಗಿಂತ ಮೊದಲು ಅಕ್ಕಪಕ್ಕದವರು ಓದುತ್ತಾರೆ. ಅವರಿಗೂ ಈ ಲೆಕ್ಕ ಗೊತ್ತಾಗಬೇಕಿದೆ.

ನಾನು ಹಾವೇರಿ ಜಿಲ್ಲೆಯವನು. ನಾಲ್ಕೂವರೆ ಎಕರೆ ಎರೆ ಹೊಲವಿದೆ. ಅಜ್ಜನ ಕಾಲದಿಂದ ನಮ್ಮದು ಹತ್ತಿಯ ಮನೆ. ಅದರ ಜೊತೆಗೆ ಹದಿನೆಂಟು ವರ್ಷ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೇನೆ. ತೂಕ, ಹಮಾಲಿ, ದಲಾಲಿ, ಸೂಟು ಎಲ್ಲವನ್ನೂ ಕಳೆದು ರೈತನ ಕೈಗೆ ಎಷ್ಟು ಹೋಗಬೇಕೆಂದು ಪಟ್ಟಿ ಬರೆಯುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಸಿಟ್ಟು ಬಂದಾಗಲೂ ನನಗೆ ಮೊದಲು ಕೂಡಿಸಿ ಕಳೆಯಬೇಕೆನಿಸುತ್ತದೆ. ಈ ಪತ್ರವೂ ಹಾಗೆಯೇ ಹೋಗುತ್ತದೆ, ಸಹಿಸಿಕೊಳ್ಳಿ.

ಕಳೆದ ಅಕ್ಟೋಬರ್‌ನಲ್ಲಿ ಮೊದಲ ಸಲ ಹತ್ತಿ ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಒಡೆದ ಕಾಯಿ ಗಿಡದಲ್ಲೇ ನೆನೆದು ಹತ್ತಿ ಬಣ್ಣಗೆಟ್ಟಿತು. ಹೆಣ್ಣಾಳುಗಳು ಕಿಲೋಗೆ 12 ರೂಪಾಯಿಯಂತೆ ಬಿಡಿಸಿಕೊಟ್ಟರು. ನೆನೆದ ಹತ್ತಿ ಸಲೀಸಾಗಿ ಕೈಗೆ ಬರುವುದಿಲ್ಲ, ಒಣಗಿದ ತೊಟ್ಟಿನ ಚೂಪು ಉಗುರಿನ ಸಂದಿಗೆ ಚುಚ್ಚುತ್ತದೆ. ಅವರು ಕೇಳಿದ ಕೂಲಿ ಹೆಚ್ಚೇನೂ ಅಲ್ಲ. ಪಡಸಾಲೆಯ ತುಂಬ ಹತ್ತಿ ಹರವಿ, ಫ್ಯಾನ್ ಹಾಕಿ ನಾಲ್ಕು ದಿನ ಒಣಗಿಸಿದೆವು. ಮೊಮ್ಮಗ ಅದರ ಮೇಲೆಯೇ ಮಲಗಿ ನಿದ್ದೆ ಹೋಗುತ್ತಿದ್ದ, ಎದ್ದಾಗ ತಲೆಯೆಲ್ಲ ಬೆಳ್ಳಗೆ. ಆಮೇಲೆ ಅಂಡಿಗೆ ತುಂಬಿ ಮಾರುಕಟ್ಟೆಗೆ ಒಯ್ದೆ. ತೇವಾಂಶ ನೋಡುವ ಯಂತ್ರದ ಮುಳ್ಳನ್ನು ಅಂಡಿಗೆಯೊಳಗೆ ತೂರಿಸಿದರು. 14 ಎಂದು ತೋರಿಸಿತು. ಬೆಂಬಲ ಬೆಲೆಗೆ ಕೊಳ್ಳಬೇಕಾದರೆ ಶೇ 8 ಇರಬೇಕು, 12ರವರೆಗೆ ಇದ್ದರೆ ಕಡಿತ ಮಾಡಿ ಕೊಳ್ಳುತ್ತಾರೆ, ಅದಕ್ಕೂ ಮೇಲಿದ್ದರೆ ಇಲ್ಲ. ನಿಯಮ ಇರುವುದೇ ಹಾಗೆ, ಯಾರ ಮೇಲೂ ದೂರಿಲ್ಲ. ಉದ್ದ ಎಳೆಯ ಹತ್ತಿಗೆ ಈ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ. ನಾನು ಖಾಸಗಿ ಖರೀದಿದಾರರಿಗೆ 6,750ಕ್ಕೆ ಕೊಟ್ಟೆ. 11 ಕ್ವಿಂಟಲ್‌ಗೆ 14,960 ರೂಪಾಯಿ ಹೋಯಿತು.

ಖರೀದಿದಾರ ಪರಿಚಯದ ಹುಡುಗ. ತೂಕ ಮುಗಿದ ಮೇಲೆ ಚಹಾ ಕುಡಿಯುತ್ತ ಕೇಳಿದೆ: “ನನ್ನದು ಮಳೆ ಹತ್ತಿ, ಬಿಡು. ಒಣ ಹತ್ತಿ ತಂದಿದ್ದರೆ ಎಷ್ಟು ಕೊಡುತ್ತಿದ್ದೆ?”

“ಏಳು ಸಾವಿರದ ಮುನ್ನೂರು, ಕಾಕಾ. ಹೊರಗಿನ ಹತ್ತಿ ಸುಂಕವಿಲ್ಲದೆ ಬರುತ್ತಿದೆ. ಮಿಲ್ಲಿನವರು ನಮ್ಮ ಹತ್ತಿಗೆ ಅದಕ್ಕಿಂತ ಹೆಚ್ಚು ಯಾಕೆ ಕೊಡುತ್ತಾರೆ?”

ಮನೆಗೆ ಬಂದು ಬರೆದುಕೊಂಡೆ. ಕ್ವಿಂಟಲ್‌ಗೆ 550 ರೂಪಾಯಿ ಮಳೆಯ ಬಾಬ್ತು. ಅದನ್ನು ಯಾರ ಹತ್ತಿರ ಕೇಳಲಿ, ಮುಗಿಲನ್ನು ನೋಡಿ ಸುಮ್ಮನಾಗಬೇಕು. ಉಳಿದ 810 ರೂಪಾಯಿ ಮನುಷ್ಯರ ಬಾಬ್ತು. ಆ 810ರಲ್ಲಿ ಯಾರ ಪಾಲು ಎಷ್ಟು ಎಂದು ಹುಡುಕುತ್ತ ಹೋದಾಗ ದಾರಿ ದೆಹಲಿ, ವಾಷಿಂಗ್ಟನ್ ದಾಟಿ ನಿಮ್ಮ ಬಾಗಿಲಿಗೆ ಬಂತು.

ದೂರದ ದೇಶದಲ್ಲಿ ನಮ್ಮ ಹತ್ತಿಯ ದರ ನಿಗದಿಯಾಗುವುದು ಈ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಬೀಜ ತರಿಸಿ ಧಾರವಾಡದ ಎರೆಯಲ್ಲಿ ಹಾಕಿಸಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿಯೇ ಹುಟ್ಟಿತು. ನಮ್ಮ ನಾಟಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ, ನಾವು ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ದರ ಮುಗಿಲಿಗೇರಿತು, 1865ರಲ್ಲಿ ಯುದ್ಧ ಮುಗಿದ ಮೇಲೆ ನೆಲಕ್ಕೆ ಬಿತ್ತು. ಆಗ ದರ ಬೀಳಿಸಿದ್ದು ಶಾಂತಿ. ಈಗ ಬೀಳಿಸುತ್ತಿರುವುದು ಸರ್ಕಾರದ ಚೆಕ್ಕು.

ಅದು ಕೆಲಸ ಮಾಡುವ ಬಗೆ ನಿಮಗೆ ಗೊತ್ತು. ನನ್ನ ಊರಿನವರಿಗಾಗಿ ಹೇಳುತ್ತೇನೆ. ಅಮೆರಿಕದ ಟೆಕ್ಸಾಸಿನಲ್ಲಿ ಸಾವಿರಾರು ಎಕರೆ ಹತ್ತಿ ಹಾಕುವ ರೈತನಿಗೆ ಅಲ್ಲಿನ ಸರ್ಕಾರ ಮೊದಲೇ ಒಂದು ದರ ಹೇಳಿರುತ್ತದೆ. ಪೇಟೆ ದರ ಅದಕ್ಕಿಂತ ಕೆಳಗೆ ಬಿದ್ದರೆ ವ್ಯತ್ಯಾಸದ ಹಣ ಖಜಾನೆಯಿಂದ ಬರುತ್ತದೆ. ಬೆಳೆ ವಿಮೆಯ ಕಂತಿನಲ್ಲೂ ದೊಡ್ಡ ಪಾಲು ಸರ್ಕಾರದ್ದೇ. ಹೀಗಾಗಿ ದರ ಬಿದ್ದ ವರ್ಷ ನಾವು ಹತ್ತಿ ಬಿಟ್ಟು ಗೋವಿನಜೋಳ ಹಾಕುತ್ತೇವೆ, ಅವನು ಹತ್ತಿಯನ್ನೇ ಹಾಕುತ್ತಾನೆ. 2001ರಲ್ಲಿ ಏನಾಯಿತು ನೋಡಿ. ಆ ಹಂಗಾಮಿನಲ್ಲಿ ಜಗತ್ತಿನ ಅರಳೆ ದರ ಒಂದು ಪೌಂಡ್‌ಗೆ 42 ಸೆಂಟ್‌ನ ಆಸುಪಾಸಿಗೆ ಕುಸಿದಿತ್ತು. ಅದೇ ವರ್ಷ ಅಮೆರಿಕ ತನ್ನ ಚರಿತ್ರೆಯಲ್ಲೇ ಅದುವರೆಗೆ ಕಾಣದಷ್ಟು, 2 ಕೋಟಿ ಬೇಲ್‌ಗೂ ಹೆಚ್ಚು ಹತ್ತಿ ಬೆಳೆಯಿತು. ಸುಮಾರು 25,000 ಬೆಳೆಗಾರರಿಗೆ ಆ ವರ್ಷ ಹೋದ ಸರ್ಕಾರಿ ಹಣ 300 ಕೋಟಿ ಡಾಲರ್‌ಗೂ ಮೇಲೆ. ಬೆಳೆದದ್ದರಲ್ಲಿ ಬಹುಪಾಲನ್ನು ಅಮೆರಿಕ ತಾನು ಬಳಸುವುದಿಲ್ಲ, ಹೊರಗೆ ಮಾರುತ್ತದೆ. ಆ ಹತ್ತಿ ಜಗತ್ತಿನ ಪೇಟೆಗೆ ಬಂದಾಗ ಅದರ ದರ ಹಾವೇರಿಯ ಅಡತಿ ಅಂಗಡಿಯ ಕರಿಹಲಗೆಗೂ ಬರುತ್ತದೆ. ಆ ವರ್ಷಗಳಲ್ಲಿ ಹಲಗೆಯ ಮೇಲೆ ದರ ಬರೆಯುತ್ತಿದ್ದವನು ನಾನೇ. ಸಂಜೆ ಬರೆದದ್ದನ್ನು ಬೆಳಿಗ್ಗೆ ಅಳಿಸಿ ಕಡಿಮೆ ಬರೆಯಬೇಕಾಗುತ್ತಿತ್ತು. ರೈತರು ನನ್ನನ್ನೇ ಕಳ್ಳನನ್ನು ನೋಡಿದಂತೆ ನೋಡುತ್ತಿದ್ದರು.

ಅಮೆರಿಕದ ಹತ್ತಿ ಸಬ್ಸಿಡಿ ನಿಂತರೆ ಜಗತ್ತಿನ ದರ ಶೇ 6ರಿಂದ 14ರಷ್ಟು ಏರಬಹುದು ಎಂದು ಅರ್ಥಶಾಸ್ತ್ರಜ್ಞರು 2007ರಲ್ಲಿ ಲೆಕ್ಕ ಹಾಕಿದ್ದರು. ಕಡಿಮೆ ಕಡೆಯ ಶೇ 6 ಹಿಡಿದರೂ ನನ್ನ 11 ಕ್ವಿಂಟಲ್‌ಗೆ ಮೊಮ್ಮಗನ ಒಂದು ವರ್ಷದ ಶಾಲೆಯ ಖರ್ಚು ಬರುತ್ತದೆ.

ಸಬ್ಸಿಡಿಯ ಈ ಕಥೆ ಹಳೆಯದು, ನೀವೂ ನೂರು ಸಭೆಗಳಲ್ಲಿ ಕೇಳಿದ್ದೀರಿ. ನನ್ನ ತಕರಾರು ತೂಕದ ಕಲ್ಲಿನ ಬಗ್ಗೆ.

ಭಾರತ ಸರ್ಕಾರ ನನಗೆ ಬೆಂಬಲ ಬೆಲೆ ಘೋಷಿಸಿದರೆ ಅದರಲ್ಲಿ ಸಬ್ಸಿಡಿ ಎಷ್ಟು ಎಂದು ನಿಮ್ಮ ಕೃಷಿ ಒಪ್ಪಂದ ಒಂದು ಸೂತ್ರದಲ್ಲಿ ಅಳೆಯುತ್ತದೆ. ಬೆಂಬಲ ಬೆಲೆಯಿಂದ ಹೊರಗಿನ ದರವನ್ನು ಕಳೆ, ಉಳಿದದ್ದನ್ನು ಬೆಳೆಯ ಪ್ರಮಾಣದಿಂದ ಗುಣಿಸು. ಸರಿಯಾಗಿದೆ ಅನ್ನಿಸುತ್ತದೆ. ಆದರೆ ಯಾವ ವರ್ಷದ ಹೊರಗಿನ ದರ? 1986ರಿಂದ 88ರದ್ದು. ಅದು ಕಲ್ಲಿನಂತೆ ಸ್ಥಿರ. ಅಂಗಡಿಯಲ್ಲಿ ಲೆಕ್ಕ ಬರೆಯುವಾಗ ನಾನು ಎಂದಾದರೂ 1987ರ ದರ ಹಿಡಿದು 2005ರ ಪಟ್ಟಿ ಬರೆದಿದ್ದರೆ ಮಾಲೀಕರು ಅಂದೇ ಮನೆಗೆ ಕಳುಹಿಸುತ್ತಿದ್ದರು.

ಕಾಲ್ಪನಿಕ ಅಂಕಿಯಲ್ಲಿ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. 1987ರಲ್ಲಿ ಒಂದು ಸರಕಿನ ಹೊರಗಿನ ದರ 10 ಡಾಲರ್ ಇತ್ತು ಎನ್ನಿ. ಆಗ ಡಾಲರ್‌ಗೆ ಸುಮಾರು 13 ರೂಪಾಯಿ, ಅಂದರೆ 130 ರೂಪಾಯಿ ಆಯಿತು. ಇಂದೂ ಹೊರಗಿನ ದರ ಅದೇ 10 ಡಾಲರ್ ಇದೆ ಎನ್ನಿ. ಈಗ ಡಾಲರ್ 90ರ ಆಸುಪಾಸಿನಲ್ಲಿದೆ, ಅಂದರೆ 900 ರೂಪಾಯಿ. ನಮ್ಮ ಸರ್ಕಾರ 800 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು. ಹೊರಗೆ 900 ಸಿಗುವ ಸರಕಿಗೆ ನನಗೆ 800 ಸಿಕ್ಕಿತು. ನೂರು ರೂಪಾಯಿ ಕಳೆದುಕೊಂಡವನು ನಾನು. ನಿಮ್ಮ ಸೂತ್ರವನ್ನು ರೂಪಾಯಿಯಲ್ಲಿ ಹಾಕಿ ನೋಡಿ: 800ರಿಂದ 130 ಕಳೆದರೆ 670. ನನಗೆ 670 ರೂಪಾಯಿ ಸಬ್ಸಿಡಿ ಸಿಕ್ಕಿದೆ ಎಂದು ಬರುತ್ತದೆ. ಕಳೆದುಕೊಂಡವನ ಹೆಸರಿನಲ್ಲಿ ಜಮಾ ಬರೆಯುವ ಈ ಲೆಕ್ಕಕ್ಕೆ ನಮ್ಮ ಅಂಗಡಿಯಲ್ಲಿ ಬೇರೆ ಹೆಸರಿತ್ತು, ಇಲ್ಲಿ ಬರೆಯುವುದಿಲ್ಲ.

ಇದು ಪುಸ್ತಕದಲ್ಲಿ ಮಲಗಿರುವ ಸೂತ್ರವೂ ಅಲ್ಲ. 2018ರ ನವೆಂಬರ್‌ನಲ್ಲಿ ಅಮೆರಿಕ ನಿಮ್ಮ ಕೃಷಿ ಸಮಿತಿಯ ಮುಂದೆ ಒಂದು ದಾಖಲೆ ಇಟ್ಟಿತು. ಭಾರತ ಹತ್ತಿಗೆ ಕೊಡುವ ಬೆಂಬಲ ಬೆಳೆಯ ಒಟ್ಟು ಮೌಲ್ಯದ ಶೇ 53ರಿಂದ 81ರಷ್ಟಿದೆ, ಮಿತಿ ಇರುವುದು ಶೇ 10 ಎಂದು ಅದರ ಆರೋಪ. ಭಾರತ ಡಾಲರ್‌ನಲ್ಲಿ ಲೆಕ್ಕ ಕೊಟ್ಟರೆ ಅಮೆರಿಕ ರೂಪಾಯಿಯಲ್ಲಿ ಲೆಕ್ಕ ಹಾಕಿತು. ಸರ್ಕಾರ ನಿಜವಾಗಿ ಕೊಂಡ ಹತ್ತಿಯನ್ನಷ್ಟೇ ಹಿಡಿಯದೆ ದೇಶದಲ್ಲಿ ಬೆಳೆದದ್ದನ್ನೆಲ್ಲ ಹಿಡಿಯಿತು. ಮೇಡಂ, ಬೆಂಬಲ ಬೆಲೆಯ ಮುಖವನ್ನೇ ಕಾಣದೆ 6,750ಕ್ಕೆ ಹೋದ ನನ್ನ 11 ಕ್ವಿಂಟಲ್ ಕೂಡ ಅಂಥ ಲೆಕ್ಕದಲ್ಲಿ ಸಬ್ಸಿಡಿ ಪಡೆದ ಹತ್ತಿ. ಭಾರತದಲ್ಲಿ ಹತ್ತಿ ಬೆಳೆಯುವವರು ಸುಮಾರು 60 ಲಕ್ಷ ಮಂದಿ. ಎಷ್ಟು ಜನರ ಹೆಸರಿನಲ್ಲಿ ಇಂಥ ಸುಳ್ಳು ಜಮಾ ಇದೆ ಎಂದು ಎಣಿಸುವುದಕ್ಕೂ ನನಗೆ ಬೇಸರ.

ಇನ್ನೊಂದು ವಿಷಯಕ್ಕೆ ಅಪ್ಪನನ್ನು ಕರೆತರಬೇಕು. 1993ರ ಅಕ್ಟೋಬರ್ ಆರಂಭದಲ್ಲಿ ಅವರು ಹಸಿರು ಶಾಲು ಹೊದ್ದು, ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಕರೆದಿದ್ದ ರ್‍ಯಾಲಿ, ಮರಾಕೇಶ್ ಒಪ್ಪಂದದ ಕರಡಾಗಿದ್ದ ಡಂಕೆಲ್ ಪ್ರಸ್ತಾವದ ವಿರುದ್ಧ. ಲಕ್ಷಾಂತರ ರೈತರು ಸೇರಿದ್ದರು. ಆರ್ಥರ್ ಡಂಕೆಲ್ ನಿಮ್ಮ ಸಂಸ್ಥೆಯ ಹಿಂದಿನ ರೂಪವಾದ ಗ್ಯಾಟ್‌ನ ಮುಖ್ಯಸ್ಥರಾಗಿದ್ದವರು, ಅದು ನಿಮಗೆ ಗೊತ್ತು. ನಮ್ಮೂರಿನಲ್ಲಿ ಅರ್ಧ ಜನ ಡಂಕೆಲ್ ಎಂದರೆ ಬೆಳೆಗೆ ಬರುವ ರೋಗ ಎಂದುಕೊಂಡಿದ್ದರು. ಆಗ ನಾನು ಕಾಲೇಜು ಓದಿ ಬಂದಿದ್ದ ಬುದ್ಧಿವಂತ. “ಜಗತ್ತೆಲ್ಲ ಒಂದೇ ನಿಯಮಕ್ಕೆ ಬರುತ್ತಿದೆ, ಇವರು ಎತ್ತಿನ ಗಾಡಿ ಹಿಡಿದುಕೊಂಡು ಕುಳಿತಿದ್ದಾರೆ” ಎಂದು ಗೆಳೆಯರ ಮುಂದೆ ನಕ್ಕಿದ್ದೆ. ಅಪ್ಪ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.

ಒಂದೇ ನಿಯಮ ಎಂದರೆ ಏನು ಎಂಬುದು ನನಗೆ ಅರ್ಥವಾಗಲು ಮುಂದೆ ಹತ್ತು ವರ್ಷ ಹಿಡಿಯಿತು. 1986-88ರಲ್ಲಿ ಯಾರು ಯಾರು ತಮ್ಮ ರೈತರಿಗೆ ಪೇಟೆ ಕೆಡಿಸುವಂಥ ಸಬ್ಸಿಡಿ ಧಾರಾಳವಾಗಿ ಕೊಡುತ್ತಿದ್ದರೋ, ಅವರು ಅದರಲ್ಲಿ ಶೇ 20 ಕಡಿಮೆ ಮಾಡಿದರೆ ಸಾಕು ಎಂದು ಒಪ್ಪಂದ ಹೇಳಿತು. ಉಳಿದ ಶೇ 80 ಅವರ ಹಕ್ಕಾಯಿತು. ಹಾಗೆ ಅಮೆರಿಕಕ್ಕೆ ವರ್ಷಕ್ಕೆ 1,910 ಕೋಟಿ ಡಾಲರ್, ಐರೋಪ್ಯ ಒಕ್ಕೂಟಕ್ಕೆ 7,200 ಕೋಟಿ ಯೂರೊಗೂ ಹೆಚ್ಚು. ಆಗ ಕೊಡುವ ಶಕ್ತಿ ಇಲ್ಲದ್ದರಿಂದ ಕೊಡದೇ ಇದ್ದ ದೇಶಗಳು ಮುಂದೆಯೂ ಕೊಡುವಂತಿಲ್ಲ, ಒಂದೊಂದು ಬೆಳೆಗೆ ಅದರ ಮೌಲ್ಯದ ಶೇ 10 ದಾಟುವಂತಿಲ್ಲ. ಊರಿನಲ್ಲಿ ಸಾರಾಯಿ ನಿಲ್ಲಿಸಲು ಪಂಚಾಯಿತಿ ಸೇರಿ, ದಿನಾ ಕುಡಿಯುವವರಿಗೆ ಐದು ಲೋಟದ ಬದಲು ನಾಲ್ಕು ಲೋಟದ ಪರವಾನಗಿ ಕೊಟ್ಟು, ಕುಡಿಯದವರಿಗೆ ಮುಟ್ಟಿದರೆ ದಂಡ ಎಂದು ಡಂಗುರ ಸಾರಿದಂತೆ. ಇನ್ನೂ ಒಂದು ಸೌಕರ್ಯವಿದೆ. ಪರವಾನಗಿ ಪಡೆದವರು ಆ ಒಟ್ಟು ಹಣವನ್ನು ಬೇಕಾದ ಬೆಳೆಯ ಮೇಲೆ ಸುರಿಯಬಹುದು, ಹತ್ತಿಗೆ ಬೇಕೆಂದರೆ ಹತ್ತಿಗೆ. ನಮಗೆ ಪ್ರತಿ ಬೆಳೆಗೂ ಬೇರೆ ಬೇರೆ ಬೇಲಿ.

ಇದರ ಮೇಲೆ ನಿಮ್ಮ ‘ಹಸಿರು ಪೆಟ್ಟಿಗೆ’ ಬೇರೆ. ವ್ಯಾಪಾರವನ್ನು ಕೆಡಿಸುವುದಿಲ್ಲ ಎಂದು ಹೇಳಿ ಅದರಲ್ಲಿ ಹಾಕಿದ ಹಣಕ್ಕೆ ಮಿತಿಯೇ ಇಲ್ಲ. ಯುರೋಪು ತನ್ನ ಪಾವತಿಗಳ ದೊಡ್ಡ ಭಾಗವನ್ನು ಅದಕ್ಕೆ ಸಾಗಿಸಿಕೊಂಡಿತು. ನಮಗೂ ಆ ಪೆಟ್ಟಿಗೆಯ ಬಾಗಿಲು ತೆರೆದೇ ಇದೆ, ನಿಜ. ಹಾಕಲು ಹಣ ಬೇಕಲ್ಲ. ನನಗೆ ವರ್ಷಕ್ಕೆ 6,000 ರೂಪಾಯಿ ಬರುತ್ತದೆ, ಮೂರು ಕಂತಿನಲ್ಲಿ.

ನನ್ನ ಅಳಲನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಏಕೆಂದರೆ ನನಗಿಂತ ಕೆಟ್ಟ ಸ್ಥಿತಿಯವರು ನಿಮ್ಮ ತವರು ನೈಜೀರಿಯಾದ ನೆರೆಯಲ್ಲೇ ಇದ್ದಾರೆ. ಬೆನಿನ್ ಮತ್ತು ಚಾಡ್ ನೈಜೀರಿಯಾಕ್ಕೆ ತಾಗಿಕೊಂಡಿವೆ, ಮಾಲಿ ಮತ್ತು ಬುರ್ಕಿನಾ ಫಾಸೊ ತುಸು ಆಚೆ. ನನಗೆ ಹೆಸರಿಗಾದರೂ ಒಂದು ಬೆಂಬಲ ಬೆಲೆ ಇದೆ, ಊರಿನ ಸುತ್ತ ನೂಲಿನ ಮಿಲ್ಲುಗಳಿವೆ. ಅಲ್ಲಿಯವರು ಬೆಳೆದ ಅರಳೆಯನ್ನು ಬಹುತೇಕ ಪೂರ್ತಿ ಹೊರಗೇ ಮಾರಬೇಕು. ಜಗತ್ತಿನ ದರ ಬಿದ್ದರೆ ತಡೆಯುವುದಕ್ಕೆ ನಡುವೆ ಏನೂ ಇಲ್ಲ. ಈ ನಾಲ್ಕು ದೇಶಗಳು 2003ರಲ್ಲಿ ನಿಮ್ಮ ಸಂಸ್ಥೆಗೆ ಬಂದು, ನಮಗೆ ಸಹಾಯಧನ ಬೇಡ, ನಿಮ್ಮ ಸಬ್ಸಿಡಿ ತೆಗೆಯಿರಿ ಎಂದು ಕೇಳಿದವು. ಬುರ್ಕಿನಾ ಫಾಸೊದ ಆಗಿನ ಅಧ್ಯಕ್ಷ ಬ್ಲೇಸ್ ಕಂಪಾವೊರೆ ಖುದ್ದಾಗಿ ಜಿನೀವಾಕ್ಕೆ ಬಂದು ಮಾತನಾಡಿದರು. ಒಂದು ದೇಶದ ಅಧ್ಯಕ್ಷರು ಹತ್ತಿ ದರ ಕೇಳಲು ಅಷ್ಟು ದೂರ ಬಂದರೆ ಆ ದೇಶಕ್ಕೆ ಹತ್ತಿ ಎಂದರೆ ಏನು ಎಂದು ತಿಳಿಯಬೇಕಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಕಾನ್‌ಕುನ್ ಸಮ್ಮೇಳನದಲ್ಲಿ ಸಿದ್ಧವಾದ ಕರಡಿನಲ್ಲಿ ಅವರಿಗೆ ಸಿಕ್ಕ ಉತ್ತರದ ಸಾರ, ಹತ್ತಿ ಬಿಟ್ಟು ಬೇರೆ ಬೆಳೆಗಳತ್ತ ಹೊರಳಿ, ಅದಕ್ಕೆ ನೆರವು ಕೊಡಿಸೋಣ ಎಂಬುದು. ಸಮ್ಮೇಳನ ಮುರಿದು ಬಿತ್ತು. ಬೀಳಬೇಕಾದದ್ದೇ.

2005ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಮತ್ತೆ ಮಾತು ಕೊಟ್ಟರು. ಹತ್ತಿಯ ರಫ್ತು ಸಬ್ಸಿಡಿ ನಿಲ್ಲಿಸುತ್ತೇವೆ, ಒಳಗಿನ ಸಬ್ಸಿಡಿಯನ್ನು ಉಳಿದ ಬೆಳೆಗಳಿಗಿಂತ ಬೇಗ ಮತ್ತು ಹೆಚ್ಚು ಇಳಿಸುತ್ತೇವೆ ಎಂದು. ಮೊದಲ ಅರ್ಧ ಆಯಿತು, ಅದಕ್ಕೆ ಕೃತಜ್ಞತೆ. ಎರಡನೆಯ ಅರ್ಧಕ್ಕೆ ಈಗ ಇಪ್ಪತ್ತು ವರ್ಷ. ನೈರೋಬಿ, ಬ್ಯೂನಸ್ ಐರಿಸ್, ಅಬುಧಾಬಿ ಎಂದು ಊರು ಬದಲಾಗುತ್ತ ಬಂದವು, ಆ ಸಾಲು ಹಾಗೇ ಇದೆ. 2019ರಿಂದ ಅಕ್ಟೋಬರ್ 7ರಂದು ವಿಶ್ವ ಹತ್ತಿ ದಿನ ಮಾತ್ರ ತಪ್ಪದೆ ನಡೆಯುತ್ತಿದೆ.

ಬ್ರೆಜಿಲ್‌ನ ಪ್ರಕರಣ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. 2002ರಲ್ಲಿ ಬ್ರೆಜಿಲ್ ಅಮೆರಿಕದ ಹತ್ತಿ ಸಬ್ಸಿಡಿಯ ಮೇಲೆ ನಿಮ್ಮಲ್ಲಿ ದಾವೆ ಹೂಡಿತು. 2004ರಲ್ಲಿ ಗೆದ್ದಿತು, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಒಂದಿಷ್ಟು ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟಿತು. 2009ರಲ್ಲಿ ನಿಮ್ಮ ಪಂಚರು ಬ್ರೆಜಿಲ್‌ಗೆ ಎದುರೇಟಿನ ಸುಂಕ ಹಾಕಲು ಅನುಮತಿ ಕೊಟ್ಟರು, ಪೇಟೆಂಟುಗಳ ಮೇಲೂ ಕೈ ಹಾಕಬಹುದು ಎಂದರು. ಅಮೆರಿಕ ಆಗ ಗಾಬರಿಯಾಯಿತು. ಏನು ಮಾಡಿತು ಗೊತ್ತೇ? ತನ್ನ ರೈತರ ಸಬ್ಸಿಡಿ ನಿಲ್ಲಿಸಲಿಲ್ಲ. ಬ್ರೆಜಿಲ್‌ನ ಹತ್ತಿ ಬೆಳೆಗಾರರ ನೆರವಿಗೆಂದು ವರ್ಷಕ್ಕೆ 14 ಕೋಟಿ 73 ಲಕ್ಷ ಡಾಲರ್ ಕೊಡಲು 2010ರಲ್ಲಿ ಒಪ್ಪಿತು. ತನ್ನ ರೈತರಿಗೆ ಕೊಡುವ ತಪ್ಪು ಹಣವನ್ನು ಉಳಿಸಿಕೊಳ್ಳಲು ಪರದೇಶದ ರೈತರಿಗೂ ಹಣ ಕೊಟ್ಟ ಸರ್ಕಾರ ಬೇರೆಲ್ಲೂ ಸಿಗಲಾರದು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ಕಡತ ಮುಚ್ಚಿದರು. ಆ ವರ್ಷದ ಕೃಷಿ ಕಾಯ್ದೆಯಲ್ಲಿ ಹತ್ತಿಯನ್ನು ದರ ಖಾತರಿಯ ಪಟ್ಟಿಯಿಂದ ತೆಗೆದರು. 2018ರಲ್ಲಿ ‘ಬೀಜ ಹತ್ತಿ’ (ಬೀಜ ಬೇರ್ಪಡಿಸದ ಹತ್ತಿ) ಎಂಬ ಹೊಸ ಹೆಸರಿನಲ್ಲಿ ಮತ್ತೆ ಸೇರಿಸಿದರು. 2025ರ ಜುಲೈನಲ್ಲಿ ಅದರ ಖಾತರಿ ದರವನ್ನು ಪೌಂಡ್‌ಗೆ 36.7 ಸೆಂಟ್‌ನಿಂದ 42 ಸೆಂಟ್‌ಗೆ ಏರಿಸಿದರು.

ಆ ದಾವೆಯಲ್ಲಿ ಬೆನಿನ್ ಮತ್ತು ಚಾಡ್ ಕೂಡ ಪಕ್ಕದಲ್ಲಿ ನಿಂತಿದ್ದವು. ಅವಕ್ಕೆ ಒಂದು ಡಾಲರ್ ಸಿಗಲಿಲ್ಲ. ಬೆದರಿಸುವಷ್ಟು ದೊಡ್ಡ ಪೇಟೆ ಬ್ರೆಜಿಲ್‌ಗೆ ಇತ್ತು, ಚಾಡ್‌ಗೆ ಇರಲಿಲ್ಲ. ಇಂದು ದಾವೆ ಹೂಡುವವರಿಗೆ ಆ ಅವಕಾಶವೂ ಕಷ್ಟ: ನಿಮ್ಮ ಮೇಲ್ಮನವಿ ಪೀಠಕ್ಕೆ ನ್ಯಾಯಾಧೀಶರ ನೇಮಕವನ್ನು ಅಮೆರಿಕ ತಡೆಹಿಡಿದು, 2019ರ ಡಿಸೆಂಬರ್‌ನಿಂದ ಆ ಪೀಠ ನಡೆಯುತ್ತಿಲ್ಲ. ನಮ್ಮ ದೇಶವೂ ಅದರ ಲಾಭ ಪಡೆದಿದೆ, ಮುಚ್ಚಿಡುವುದಿಲ್ಲ. ಸಕ್ಕರೆ ಪ್ರಕರಣದಲ್ಲಿ 2021ರಲ್ಲಿ ಸೋತ ಭಾರತ, ಇಲ್ಲದ ಪೀಠಕ್ಕೆ ಮೇಲ್ಮನವಿ ಹಾಕಿ ಕುಳಿತಿದೆ.

ತಂಗಿಯ ಮಗಳು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅಂಗಿಗೆ ಕಾಲರ್ ಹೊಲಿಯುವ ಸಾಲಿನಲ್ಲಿ ಕೂರುತ್ತಾಳೆ. ಕಳೆದ ಆಗಸ್ಟ್‌ನಲ್ಲಿ ಎರಡು ಸುದ್ದಿ ಒಂದರ ಹಿಂದೆ ಒಂದು ಬಂದವು. 19ರಿಂದ ಭಾರತ ಹೊರಗಿನ ಹತ್ತಿಯ ಮೇಲಿನ ಶೇ 11 ಆಮದು ಸುಂಕ ತೆಗೆಯಿತು, ಮೊದಲು ಸೆಪ್ಟೆಂಬರ್‌ವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. 27ರಿಂದ ಅಮೆರಿಕ ಭಾರತದ ಸರಕುಗಳ ಮೇಲೆ ಒಟ್ಟು ಶೇ 50 ಹೆಚ್ಚುವರಿ ಸುಂಕ ಹಾಕಿತು. ಹತ್ತಿಯ ಟೀ-ಶರ್ಟ್ ಮೇಲೆ ಅಮೆರಿಕದ ಮಾಮೂಲಿ ಸುಂಕವೇ ಶೇ 16.5, ಅದರ ಮೇಲೆ ಇದು. ಅವರ ಹತ್ತಿ ನಮ್ಮ ಬಂದರಿಗೆ ಸುಂಕವಿಲ್ಲದೆ ಇಳಿಯಿತು, ಅದರಲ್ಲೇ ಹೊಲಿದ ನಮ್ಮ ಅಂಗಿ ಅವರ ಬಂದರಿನಲ್ಲಿ ಸಿಕ್ಕಿಬಿತ್ತು. ಹುಡುಗಿಗೆ ದೀಪಾವಳಿಯ ಹೊತ್ತಿಗೆ ಓವರ್‌ಟೈಮ್ ನಿಂತಿತು, ನನಗೆ ಅದೇ ವಾರ ದರ ಬಿತ್ತು. ಹಬ್ಬಕ್ಕೆ ಊರಿಗೆ ಬಂದಾಗ ಅವಳು ಕೇಳಿದಳು: “ಮಾವಾ, ನಿನ್ನ ಹತ್ತಿ ಅಗ್ಗವಾಗಿದೆ, ನನ್ನ ಅಂಗಿ ತುಟ್ಟಿಯಾಗಿದೆ ಅನ್ನುತ್ತಾರೆ. ನಡುವಿನ ಹಣ ಯಾರಿಗೆ ಹೋಯಿತು?” ಹದಿನೆಂಟು ವರ್ಷ ಲೆಕ್ಕ ಬರೆದವನಿಗೆ ಉತ್ತರ ತೋಚಲಿಲ್ಲ.

ಬಡ ದೇಶಗಳಿಂದ ಕಚ್ಚಾ ಸರಕು ಬರಲಿ, ತಯಾರಾದ ಸರಕು ಬಾರದಿರಲಿ ಎಂಬುದು ಹಳೆಯ ಚಾಳಿ. 1974ರಿಂದ 2004ರ ಕೊನೆಯವರೆಗೆ ನಮ್ಮ ಬಟ್ಟೆಗೆ ಕೋಟಾ ಇತ್ತು. ಇಂತಿಷ್ಟೇ ಅಂಗಿ ಎಂದು ಎಣಿಸಿ ಒಳಗೆ ಬಿಡುತ್ತಿದ್ದರು. ಅದು ಹೋಗಿ ಇದು ಬಂತು.

810 ರೂಪಾಯಿ ಪೂರ್ತಿ ಹೊರಗಿನವರ ಪಾಲು ಎಂದು ನಾನು ಹೇಳಲಾರೆ. ಸುಂಕ ತೆಗೆದದ್ದು ದೆಹಲಿ, ಅದೂ ಕಾಯಿ ಒಡೆಯುವ ಹೊತ್ತಿಗೆ. 2010ರಲ್ಲಿ, 2012ರಲ್ಲಿ ದರ ಚೆನ್ನಾಗಿದ್ದಾಗ ರಫ್ತು ನಿಲ್ಲಿಸಿ ದರ ಇಳಿಸಿದ್ದೂ ದೆಹಲಿಯೇ. ನಮ್ಮ ಇಳುವರಿ ಹೆಕ್ಟೇರಿಗೆ 450 ಕಿಲೋ ಅರಳೆಯ ಆಸುಪಾಸಿನಲ್ಲಿ ಕುಂಟುತ್ತಿದೆ, ಬ್ರೆಜಿಲ್ ಅದರ ನಾಲ್ಕು ಪಟ್ಟು ತೆಗೆಯುತ್ತದೆ. ಬಿಟಿ ಬೀಜಕ್ಕೆ ಗುಲಾಬಿ ಕಾಯಿಕೊರಕ ಈಗ ಜಗ್ಗುವುದಿಲ್ಲ. ನೂಲಿನ ಮಿಲ್ಲಿನವರೂ ಖಳರಲ್ಲ. ಕಸ, ಗೋಣಿ ಎಳೆ ಇಲ್ಲದ ಹತ್ತಿ ಅವರಿಗೆ ಬೇಕು, ನಾವು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳುಹಿಸುತ್ತೇವೆ. ಚೀನಾ ತನ್ನ ಶಿನ್‌ಜಿಯಾಂಗ್‌ನ ಹತ್ತಿಗೆ ಕೊಡುವ ಹಣವೂ ಸಣ್ಣದಲ್ಲ. ನಮ್ಮ ಬೆಂಬಲ ಬೆಲೆಯಿಂದಲೂ ಆಫ್ರಿಕಾದ ರೈತನಿಗೆ ಒಂದಿಷ್ಟು ಪೆಟ್ಟು ಬೀಳುತ್ತದೆ ಎಂದು ಅಲ್ಲಿಯವರು ಹೇಳಿದರೆ, ಸರಿಯಾದ ಕಲ್ಲಿನಲ್ಲಿ ತೂಗಿ ತೋರಿಸಿದರೆ, ನಾನು ಒಪ್ಪುತ್ತೇನೆ. ತೂಕಕ್ಕೆ ನನಗೆ ಹೆದರಿಕೆಯಿಲ್ಲ.

ನೀವು ಕೊಡಬಹುದಾದ ಉತ್ತರವೂ ಗೊತ್ತಿದೆ. ತೀರ್ಮಾನ ಮಾಡುವವರು ಸದಸ್ಯ ರಾಷ್ಟ್ರಗಳು, ಮಹಾನಿರ್ದೇಶಕರಿಗೆ ಮತವಿಲ್ಲ. ನಿಜ. ಆದರೆ ವ್ಯಾಪಾರ ಮಾತುಕತೆ ಸಮಿತಿಯ ಅಧ್ಯಕ್ಷರ ಕುರ್ಚಿ ನಿಮ್ಮದು. ಅಂಗಡಿಯಲ್ಲಿ ಗುಮಾಸ್ತನಿಗೂ ಮತವಿರುವುದಿಲ್ಲ, ಆದರೂ ಯಾವ ಪುಟವನ್ನು ಮಾಲೀಕರ ಮುಂದೆ ತೆರೆದಿಡಬೇಕು ಎಂಬುದು ಅವನ ಕೈಯಲ್ಲಿರುತ್ತದೆ. ಬರುವ ಮಾರ್ಚ್‌ನಲ್ಲಿ ಕ್ಯಾಮರೂನಿನ ಯಾವುಂಡೆಯಲ್ಲಿ 14ನೇ ಸಚಿವರ ಸಮ್ಮೇಳನವಿದೆ. ಅದು ಹತ್ತಿ ಬೆಳೆಯುವ ದೇಶ, ಚಾಡ್‌ನ ಪಕ್ಕದ ಮನೆ. ಅಲ್ಲಿ ಎರಡು ಪುಟ ತೆರೆದಿಡಿ ಎಂದು ಕೇಳುತ್ತಿದ್ದೇನೆ. 1986-88ರ ದರ ಬಿಟ್ಟು ಹಿಂದಿನ ಮೂರೋ ಐದೋ ವರ್ಷಗಳ ಸರಾಸರಿ ಹಿಡಿಯುವುದು, ಗುಣಿಸುವಾಗ ಸರ್ಕಾರ ನಿಜಕ್ಕೂ ಕೊಂಡಷ್ಟನ್ನೇ ಗುಣಿಸುವುದು: ಇದು ಒಂದು ಪುಟ. ಹಾಂಗ್‌ಕಾಂಗ್‌ನಲ್ಲಿ ಹತ್ತಿಯ ಬಗ್ಗೆ ಕೊಟ್ಟ ಮಾತಿಗೆ ಒಂದು ತಾರೀಖು ಹಾಕುವುದು ಇನ್ನೊಂದು. ಒಪ್ಪಂದ ಆಗದಿದ್ದರೂ ಸರಿ, ಯಾರು ಬೇಡ ಎಂದರು ಎಂಬುದನ್ನು ಹೆಸರು ಸಹಿತ ಕಡತದಲ್ಲಿ ಬರೆಸಿ.

ಒಪ್ಪಿಗೆ ಬೇಡದ ಒಂದು ಸಣ್ಣ ಕೆಲಸವೂ ಇದೆ. ಮುಂದಿನ ಅಕ್ಟೋಬರ್ 7ರಂದು ಹತ್ತಿ ದಿನದ ಪ್ರದರ್ಶನದಲ್ಲಿ ಒಂದು ಹಾಳೆ ಅಂಟಿಸಿ. ಎಡಗಡೆ ದೇಶದ ಹೆಸರು, ಬಲಗಡೆ ಆ ದೇಶ ಒಬ್ಬ ಹತ್ತಿ ರೈತನಿಗೆ ಆ ವರ್ಷ ನಿಜವಾಗಿ ಕೊಟ್ಟ ಹಣ. ಅಮೆರಿಕ, ಚೀನಾ, ಗ್ರೀಸ್, ಸ್ಪೇನ್, ಭಾರತ, ಮಾಲಿ, ಬೆನಿನ್. ಅಂಕಿ ನಿಮ್ಮ ಕಚೇರಿಯ ಕಪಾಟಿನಲ್ಲೇ ಇವೆ, ಒಬ್ಬ ಗುಮಾಸ್ತನಿಗೆ ಎರಡು ದಿನದ ಕೆಲಸ. ಬೇಕಾದರೆ ನಾನು ಬಂದು ಮಾಡಿಕೊಡುತ್ತೇನೆ, ಕೈಬರಹ ಚೆನ್ನಾಗಿದೆ.

ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಹಸಿರು ಶಾಲು ಹತ್ತಿಯದೇ, ಈಗಲೂ ಗೂಟಕ್ಕೆ ತೂಗುತ್ತಿದೆ. ಅವರು ಬರೆದಿಟ್ಟ 1987ರ ಖರ್ಚಿನ ಪುಸ್ತಕವೂ ಸಂದೂಕಿನಲ್ಲಿದೆ. ಮಾರುಕಟ್ಟೆಗೆ ಹತ್ತಿ ಒಯ್ದ ದಿನದ ಪುಟದಲ್ಲಿ ‘ಚಹಾ, ಚುರುಮುರಿ: 1 ರೂ. 25 ಪೈಸೆ’ ಎಂದಿದೆ. ಕಳೆದ ಅಕ್ಟೋಬರ್‌ನಲ್ಲಿ ಆ ಹುಡುಗನ ಜೊತೆ ನಾನು ಕುಡಿದ ಬರೀ ಚಹಾಕ್ಕೆ 10 ರೂಪಾಯಿ ಕೊಟ್ಟೆ. ನಿಮ್ಮ ಸೂತ್ರದಂತೆ ಚಹಾದ ಅಂಗಡಿಯವನಿಗೂ ನನ್ನಿಂದ ಭಾರಿ ಸಬ್ಸಿಡಿ ಸಿಕ್ಕಿರಬೇಕು.

ಉತ್ತರ ಬರೆಯುವುದಾದರೆ ಮೇ ತಿಂಗಳೊಳಗೆ ಬರೆಯಿರಿ. ಇಂಗ್ಲಿಷ್ ಆದರೂ ನಡೆಯುತ್ತದೆ, ತಂಗಿಯ ಮಗಳು ಓದಿ ಹೇಳುತ್ತಾಳೆ. ಜೂನ್‌ನಲ್ಲಿ ಮಳೆ ಬಿದ್ದರೆ ಹತ್ತಿ ಹಾಕುವುದೋ ಗೋವಿನಜೋಳ ಹಾಕುವುದೋ ಎಂದು ನಾನು ಗಟ್ಟಿ ಮಾಡಬೇಕು, ಬೀಜದ ಅಂಗಡಿಯವರು ಮುಂಗಡ ಕೇಳುತ್ತಾರೆ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ಹತ್ತಿ ಬೆಳೆಗಾರ